ಮನ್ಯಾನ ಕಿವಿಯ ಹನಿ ರಕ್ತ

ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುತ್ತದೆ ಎಂದಾಗ ಮೊದಲು ನಕ್ಕವನು ನಾನೇ. ಆಮೇಲೆ ಊರೆಲ್ಲ ನನ್ನನ್ನು ನೋಡಿ ನಕ್ಕಿತು. ಇದನ್ನು ಬರೆಯುತ್ತಿರುವುದು ನಗುವವರಿಗಾಗಿ ಅಲ್ಲ. ಎಲ್ಲೋ ಒಂದು ಮನೆಯಲ್ಲಿ ಒಬ್ಬರು ಕಾಯಿಲೆಯ ಬೆಕ್ಕನ್ನೋ ನಾಯಿಯನ್ನೋ ತೊಡೆಯ ಮೇಲೆ ಇಟ್ಟುಕೊಂಡು, ಕೈಯಲ್ಲಿ ಸೂಜಿ ಹಿಡಿದು, ಚುಚ್ಚಲೋ ಬೇಡವೋ ಎಂದು ಕೂತಿರುತ್ತಾರಲ್ಲ, ಅವರಿಗಾಗಿ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಪಾಲಬಾವಿಯವನು. ಐದನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಬೆಲ್ಲದ ಗಾಣಕ್ಕೆ ನಿಂತವನು. ಕಡಾಯಿಯಲ್ಲಿ ಕುದಿಯುವ ಕಬ್ಬಿನ ಹಾಲಿನ ಬಣ್ಣ ನೋಡಿ, ಯಾವ ಗಳಿಗೆಗೆ ಇಳಿಸಬೇಕು ಎಂದು ಹೇಳುವುದು ನನ್ನ ಕೆಲಸ. ಒಂದು ಗುಟುಕು ನೀರು ಕುಡಿಯುವಷ್ಟು ತಡವಾದರೂ ಬೆಲ್ಲ ಕಪ್ಪಾಗುತ್ತದೆ. ನನ್ನ ಕೈಯಲ್ಲಿ ಎಂದೂ ಕಪ್ಪಾಗಿರಲಿಲ್ಲ. ಅಥಣಿ, ಕಾಗವಾಡ ಕಡೆಯ ಗಾಣದವರೂ ನನ್ನನ್ನು ಕರೆಸಿಕೊಳ್ಳುತ್ತಿದ್ದರು. ಗಡಿಯಾರ ನೋಡಿ ಕೆಲಸ ಮಾಡುವವರನ್ನು ಕಂಡರೆ ನನಗೆ ಒಳಗೊಳಗೇ ನಗು. ಕಣ್ಣಿದ್ದವನಿಗೆ ಗಡಿಯಾರ ಯಾಕೆ ಎನ್ನುತ್ತಿದ್ದೆ.

ಮನ್ಯಾ ಗಾಣದಲ್ಲೇ ಹುಟ್ಟಿದ ಗಂಡು ಬೆಕ್ಕು. ಬೂದು ಬಣ್ಣ, ದೊಡ್ಡ ತಲೆ. ಸುಗ್ಗಿ ಮುಗಿದ ಮೇಲೆ ನಮ್ಮ ಹಿಂದೆಯೇ ಮನೆಗೆ ಬಂದು ಅವ್ವನ ಚಾಪೆಯ ಮೇಲೆ ಜಾಗ ಹಿಡಿಯಿತು. ನಮ್ಮದು ಜೈನರ ಮನೆ. ಇಲಿ ಕೊಲ್ಲುವ ಪ್ರಾಣಿಯನ್ನು ಸಾಕುವುದು ಅವ್ವನಿಗೆ ಮೊದಲು ಸರಿ ಬರಲಿಲ್ಲ. ಆದರೆ ಅಪ್ಪ ಹೋದ ಮೇಲೆ ಯಾರೊಂದಿಗೂ ಹೆಚ್ಚು ಮಾತನಾಡದ ಅವಳು ಮನ್ಯಾನ ಜೊತೆ ಮಾತ್ರ ದಿನವಿಡೀ ಮಾತನಾಡುತ್ತಿದ್ದಳು. ಸಂಜೆ ಹೊತ್ತು ಮುಳುಗುವ ಮೊದಲು ತಾನು ಉಣ್ಣುವಾಗ ಅದಕ್ಕೂ ಹಾಲಲ್ಲಿ ಜೋಳದ ರೊಟ್ಟಿ ಕಿವುಚಿ ಇಡುತ್ತಿದ್ದಳು.

ಆ ವರ್ಷ ಬೇಸಿಗೆಯಲ್ಲಿ ಮನ್ಯಾ ಬಚ್ಚಲ ಬಕೆಟ್ಟಿಗೆ ತಲೆ ಹಾಕಿ ನೀರು ಕುಡಿಯತೊಡಗಿತು. ಎಷ್ಟು ಹಾಕಿದರೂ ತಿನ್ನುತ್ತಿತ್ತು, ಆದರೆ ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ಹಿಂಗಾಲು ಸೋತು, ಹಿಮ್ಮಡಿ ಊರಿ ಮುದುಕನ ಹಾಗೆ ನಡೆಯುತ್ತಿತ್ತು. ಹಿತ್ತಲ ಬೂದಿಗುಡ್ಡೆಯಲ್ಲಿ ಅದು ಉಚ್ಚೆ ಹೊಯ್ದ ಕಡೆಯೆಲ್ಲ ಇರುವೆ ಮುತ್ತಿದ್ದನ್ನು ನನ್ನ ಹೆಂಡತಿ ಪದ್ಮಾವತಿ ತೋರಿಸಿದಳು. ಬೆಲ್ಲದವರ ಮನೆಯಲ್ಲಿ ಇರುವೆ ಬಾರದೆ ಇನ್ನೇನು ಬಂದೀತು ಎಂದು ನಾನು ಲಕ್ಷ್ಯ ಕೊಡಲಿಲ್ಲ. ಒಂದು ದಿನ ಮನ್ಯಾ ಅವ್ವನ ಚಾಪೆ ಹತ್ತಲಾರದೆ ಅಂಚಿನಲ್ಲೇ ಮಲಗಿಬಿಟ್ಟಿತು. ಅವ್ವ ನನ್ನನ್ನು ನೋಡಿದಳು. ಮರುದಿನ ಬುಟ್ಟಿಯಲ್ಲಿ ಹಾಕಿಕೊಂಡು ಚಿಕ್ಕೋಡಿಯ ಬಸ್ಸು ಹತ್ತಿದೆ.

ದನದ ದವಾಖಾನೆಯ ಮುಂದೆ ಎಮ್ಮೆ, ಆಡು, ಹೋರಿ. ನಾನು ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಬೇವಿನ ಮರದ ಕೆಳಗೆ ಕೂತೆ. ಪಕ್ಕದಲ್ಲಿದ್ದ ಮುದುಕ ಬಗ್ಗಿ ನೋಡಿದ.

"ಬುಟ್ಟ್ಯಾಗ ಏನೈತ್ರಿ, ಕೋಳಿ ಏನ್ರಿ?"

"ಬೆಕ್ಕು."

"ಬೆಕ್ಕಿಗೂ ದವಾಖಾನಿ ಬಂತೇನ್ರೀ ಯಪ್ಪಾ! ಹಾಲು ಹಿಂಡತೈತೇನು?"

"ನಿಮ್ಮ ಎಮ್ಮಿ ಹಿಂಡತೈತಿ ಅಂತ ತಂದೀರಿ. ನಾ ಹಿಂಡಲಾರದ್ದಕ್ಕೂ ತಂದೀನಿ" ಎಂದೆ. ಸುತ್ತಲಿನವರು ನಕ್ಕರು. ನನಗೆ ನಗು ಬರಲಿಲ್ಲ. ಬುಟ್ಟಿಯೊಳಗಿನ ಉಸಿರು ಕೇಳಿಸುತ್ತದೆಯೇ ಎಂದು ಮತ್ತೆ ಮತ್ತೆ ಕಿವಿ ಇಡುತ್ತಿದ್ದೆ.

ಡಾಕ್ಟರರು ಧಾರವಾಡ ಕಡೆಯ ಹುಡುಗ ವಯಸ್ಸಿನವರು. ಮನ್ಯಾನ ಉಚ್ಚೆಯನ್ನು ನೀಲಿ ಔಷಧಿಯಲ್ಲಿ ಹಾಕಿ ಕುದಿಸಿದರು. ನನ್ನ ಕಣ್ಣೆದುರೇ ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಂಗಿಯ ಕೆಂಪು ಬಣ್ಣಕ್ಕೆ ನಿಂತಿತು. ಕುದಿಯುವ ಬಣ್ಣ ಓದುವುದು ನನ್ನ ಹೊಟ್ಟೆಪಾಡು. ಇದು ಒಳ್ಳೆಯ ಬಣ್ಣವಲ್ಲ ಎಂದು ಅವರು ಹೇಳುವ ಮೊದಲೇ ನನಗೆ ಗೊತ್ತಾಯಿತು.

"ಸಕ್ಕರಿ ಐತ್ರಿ ಇದಕ್ಕ" ಎಂದರು. ಆಗಲೇ ನಾನು ನಕ್ಕದ್ದು.

ಅವರು ನಗಲಿಲ್ಲ. "ಖರೇ ಹೇಳತೀನ್ರಿ. ನಾ ಈತನಕ ಬೆಕ್ಕಿಗೆ ಇನ್ಸುಲಿನ್ ಕೊಟ್ಟಿಲ್ಲ. ಪುಸ್ತಕದಾಗ ಓದೀನಿ ಅಷ್ಟ. ಬಿಟ್ರ ತಿಂಗಳೊಪ್ಪತ್ತು ಬದಕತೈತಿ. ಮಾಡೋದಾದ್ರ ನೀವ ಮನಿಯೊಳಗ ದಿನಾ ಎರಡ ಸಲ ಸೂಜಿ ಹಾಕಬೇಕು, ಕಿವ್ಯಾಗಿಂದ ಒಂದ ಹನಿ ರಕ್ತ ತಗದ ನೋಡಬೇಕು. ಆಗತೈತೇನ್ರಿ?"

ಆಗುವುದಿಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಯಾವಾಗಲೂ ತಡವಾಗಿ ಬರುತ್ತದೆ. "ಆಗತೈತ್ರಿ" ಎಂದುಬಿಟ್ಟೆ.

ಅವರ ತಂದೆಗೂ ಅದೇ ಕಾಯಿಲೆಯಂತೆ. ಮನೆಯಿಂದ ಪಟ್ಟಿಗಳ ಡಬ್ಬಿ ತರಿಸಿ ತೋರಿಸಿದರು. ಬೆರಳುದ್ದದ ಪಟ್ಟಿ, ತುದಿಯಲ್ಲಿ ಎರಡು ಚಿಕ್ಕ ಚೌಕ. ಅದರ ಮೇಲೆ ಹನಿ ರಕ್ತ ಬಿಟ್ಟು ಒಂದು ನಿಮಿಷ ಕಾಯಬೇಕು, ಹತ್ತಿಯಲ್ಲಿ ಒರೆಸಬೇಕು, ಇನ್ನೊಂದು ನಿಮಿಷ ಕಾದು ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಬೇಕು. ಸಕ್ಕರೆ ಹೆಚ್ಚಿದಷ್ಟೂ ನೀಲಿ, ಹಸಿರು ಗಾಢವಾಗುತ್ತವೆ. ಪಟ್ಟಿಯನ್ನು ಉದ್ದಕ್ಕೆ ಸೀಳಿದರೆ ಒಂದರಲ್ಲಿ ಎರಡು ಸಲ ನೋಡಬಹುದು ಎಂದೂ ಹೇಳಿಕೊಟ್ಟರು. ಕೊನೆಗೆ ಬಾಗಿಲವರೆಗೆ ಬಂದು ನನ್ನ ತೋಳು ಹಿಡಿದು ಹೇಳಿದ ಮಾತು ಇದು: "ಮೊದಲ ರಕ್ತ. ಆಮ್ಯಾಲ ಊಟ. ಊಟ ಆದ ಮ್ಯಾಲ ಸೂಜಿ. ಇದರಾಗ ಒಂದ ತಪ್ಪಿದ್ರೂ ಸೂಜಿ ಹಾಕಬ್ಯಾಡ್ರಿ. ಸಕ್ಕರಿ ಹೆಚ್ಚಾದ್ರ ನಿಧಾನ ಸಾಯತೈತಿ, ಇಳದ್ರ ತಾಸಿನಾಗ."

ಔಷಧಿಗೆ ಮಿರಜಿಗೆ ಹೋದೆ. ಅಂಗಡಿಯವನು ಇನ್ಸುಲಿನ್ ಬಾಟಲಿ ಕಾಗದದಲ್ಲಿ ಸುತ್ತುತ್ತ, ಇದನ್ನು ದನದ ಹೊಟ್ಟೆಯೊಳಗಿನ ಗ್ರಂಥಿಯಿಂದ ತೆಗೆಯುತ್ತಾರೆ ಎಂದು ಮರಾಠಿಯಲ್ಲಿ ಸಹಜವಾಗಿ ಹೇಳಿದ. ನನ್ನ ಕೈ ಅಲ್ಲೇ ನಿಂತಿತು. ಗಡ್ಡೆ ಗೆಣಸನ್ನೂ ಒಳಗೆ ಬಿಡದ ಮನೆ ನಮ್ಮದು. ಆ ಬಾಟಲಿಯನ್ನು ಕಿಸೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತ ಆ ದಾರಿ ನನಗೆ ಬಹಳ ಉದ್ದವಾಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಇವತ್ತು ಇಲ್ಲಿ ಬರೆಯುತ್ತಿರುವುದೇ ಮೊದಲು. ಫ್ರಿಜ್ ಇರಲಿಲ್ಲ, ನೀರಿನ ಹರವಿಯ ಬುಡಕ್ಕೆ ಹಸಿ ಮರಳು ಹಾಕಿ ಅದರಲ್ಲಿ ಹೂತಿಟ್ಟೆ.

ಮೊದಲ ಸಲ ಮನ್ಯಾನ ಕಿವಿ ಚುಚ್ಚಿದ ಬೆಳಿಗ್ಗೆ ನನ್ನ ಅಂಗಿಯ ಬೆನ್ನು ತೊಯ್ದು ಹೋಗಿತ್ತು. ಕಿವಿಯನ್ನು ಅಂಗೈಯಲ್ಲಿ ಬಿಸಿ ಮಾಡಿ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ದಾರದಂಥ ನರ ಕಾಣುತ್ತದೆ. ಚುಚ್ಚಿದೆ, ರಕ್ತ ಬರಲಿಲ್ಲ. ಮತ್ತೆ ಚುಚ್ಚಿದೆ, ಅದು ತಲೆ ಕೊಡವಿ ಹನಿಯೆಲ್ಲ ಗೋಡೆಗೆ ಹಾರಿತು. ಮೂರನೆಯದು ಪಟ್ಟಿಯ ಮೇಲೆ ಕೂತಿತು. ಅವ್ವ ಸೆರಗು ಮುಖಕ್ಕೆ ಹಿಡಿದುಕೊಂಡು ದನದ ಕೊಟ್ಟಿಗೆಗೆ ಹೋಗಿಬಿಟ್ಟಳು. ಪದ್ಮಾವತಿ ತನ್ನ ತವರಿನ ಕೈಗಡಿಯಾರ ಹಿಡಿದು ನಿಂತಿದ್ದಳು. ನಾನು ಅದರ ಕಡೆ ನೋಡಲೂ ಇಲ್ಲ, ಬಣ್ಣ ಸರಿ ಬಂತು ಅನ್ನಿಸಿದಾಗ ಒರೆಸಿದೆ.

"ಇನ್ನೂ ನಿಮಿಷ ಆಗಿಲ್ರಿ" ಎಂದಳು.

"ನನಗ ಬಣ್ಣ ಕಲಸತೀಯೇನು?"

"ಬೆಲ್ಲದ ಬಣ್ಣ ನಿಮಗ ಗೊತ್ತರೀ. ಇದು ಬೆಲ್ಲ ಅಲ್ಲ. ಮನ್ಯಾ ಸತ್ರ ಅತ್ತಿ ಮುಖ ನೀವ ನೋಡಬೇಕು, ನಾ ಅಲ್ಲ."

ಅರ್ಧ ಪಟ್ಟಿ ದಂಡವಾಯಿತು. ಉಳಿದರ್ಧವನ್ನು ಗಡಿಯಾರ ನೋಡಿಯೇ ಮಾಡಿದೆವು. ಬಣ್ಣ ಡಬ್ಬಿಯ ಕೊನೆಯ ಚೌಕದಷ್ಟು ಗಾಢ ಬಂತು. ಅಂದಿನಿಂದ ನಿಮಿಷ ಹೇಳುವುದು ಅವಳ ಕೆಲಸವಾಯಿತು. ಅಷ್ಟು ಸೋತೆ.

ಮಳೆಗಾಲವೆಲ್ಲ ಹೀಗೇ. ಬೆಳಿಗ್ಗೆ ಎದ್ದ ಕೂಡಲೇ ಅದೇ ಯೋಚನೆ. ಇವತ್ತು ಯಾವ ಬಣ್ಣ? ಗಾಢವಾದರೆ ಔಷಧಿ ಹತ್ತುತ್ತಿಲ್ಲ ಎಂಬ ಭಯ. ತಿಳಿಯಾದರೆ ಇನ್ನೂ ದೊಡ್ಡ ಭಯ. ಹೊಲದಲ್ಲಿ ಕಳೆ ತೆಗೆಯುವಾಗಲೂ ಕಣ್ಣ ಮುಂದೆ ಎರಡು ಚೌಕ. ಮನ್ಯಾನ ಕಿವಿಯ ಅಂಚಿನಲ್ಲಿ ಕಪ್ಪು ಚುಕ್ಕೆಗಳ ಸಾಲು ಮೂಡಿತು. ನನ್ನನ್ನು ಕಂಡರೆ ಅದು ಕಿವಿ ಮಡಿಚುತ್ತಿತ್ತು, ಆದರೆ ಓಡುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡುತ್ತಿತ್ತು.

ಎದುರು ಮನೆಯ ಮಹಾದೇವ, ಟ್ರ್ಯಾಕ್ಟರಿನವನು, ದಿನಾ ಕೂಗುತ್ತಿದ್ದ: "ಏನ್ರೀ ಆದಪ್ಪಣ್ಣಾ, ಬೆಕ್ಕಿನ ಡಾಕ್ಟರ್‍ರಾ, ನಮ್ಮನಿ ಇಲಿಗೆ ಬಿಪಿ ಆಗೈತಿ, ಒಂದೀಟ ನೋಡತೀರೇನು?"

ಆದರೆ ಶ್ರಾವಣ ಮುಗಿಯುವ ಹೊತ್ತಿಗೆ ಬೆನ್ನುಮೂಳೆಯ ಮೇಲೆ ಸ್ವಲ್ಪ ಮಾಂಸ ಬಂದಿತ್ತು. ಬಕೆಟ್ಟಿನ ಕಡೆ ಹೋಗುವುದು ಕಡಿಮೆಯಾಗಿತ್ತು. ಒಂದು ಬೆಳಿಗ್ಗೆ ಮನ್ಯಾ ಕಟ್ಟೆಯ ಮೇಲೆ ಜಿಗಿದು ಮಹಾದೇವನ ಟ್ರ್ಯಾಕ್ಟರಿನ ಸೀಟಿನಲ್ಲಿ ಮಲಗಿತ್ತು. ಅವನು ಅದನ್ನು ಎಬ್ಬಿಸಲಿಲ್ಲ, ಹೊಲಕ್ಕೆ ನಡೆದುಕೊಂಡೇ ಹೋದ ಎಂದು ಪದ್ಮಾವತಿ ಹೇಳಿದಳು.

ಆಮೇಲೆ ಭಾದ್ರಪದ ಬಂತು. ನಮ್ಮವರ ಹತ್ತು ದಿನದ ಪರ್ವ. ಕೊನೆಯ ದಿನ ಅನಂತ ಚತುರ್ದಶಿ. ಅವ್ವ ಆ ದಿನ ನೀರನ್ನೂ ಮುಟ್ಟುವುದಿಲ್ಲ. ಪದ್ಮಾವತಿಗೂ ಉಪವಾಸ. ಒಲೆ ಹೊತ್ತಿಸುವುದಿಲ್ಲ.

ಬೆಳಿಗ್ಗೆ ನಾನು ಹತ್ತಿ, ಸೂಜಿ ತೆಗೆದುಕೊಂಡು ಕೂತಾಗ, ಪೂಜೆಗೆಂದು ಬಸ್ತಿಗೆ ಹೊರಟಿದ್ದ ಅವ್ವ ಹೊಸ್ತಿಲಲ್ಲಿ ನಿಂತಳು.

"ಆದಪ್ಪಾ, ಇವತ್ತೊಂದಿನ ರಕ್ತ ತಗೀಬ್ಯಾಡಪಾ. ಹಾದ್ಯಾಗಿನ ಇರವಿ ಸೈತ ಸರಿಸಿ ಹೋಗೋ ದಿನ ಐತಿ. ಮನಿಯೊಳಗ ರಕ್ತ ಬ್ಯಾಡ."

ಮೂರು ತಿಂಗಳು ಈ ಚುಚ್ಚುವುದರ ಬಗ್ಗೆ ಅವಳು ಒಂದು ಮಾತೂ ಆಡಿರಲಿಲ್ಲ. ಇದೊಂದನ್ನು ಕೇಳಿದಳು. ಹರವಿಯ ಬುಡದ ಬಾಟಲಿಯ ಗುಟ್ಟು ಬೇರೆ ನನ್ನನ್ನು ಚುಚ್ಚುತ್ತಿತ್ತು. "ಆತ ಬೇ" ಎಂದೆ. ಅತ್ತೆ ಸೊಸೆ ಇಬ್ಬರೂ ಬಸ್ತಿಗೆ ಹೋದರು.

ವಾರದಿಂದ ಬಣ್ಣ ಒಂದೇ ಸಮ ಬರುತ್ತಿತ್ತು, ಇವತ್ತೂ ಅದೇ ಇರುತ್ತದೆ ಎಂದು ಲೆಕ್ಕ ಹಾಕಿದೆ. ಮನ್ಯಾ ತಿಂದಿದೆಯೇ ಎಂದು ಅದರ ಬಟ್ಟಲು ನೋಡಿದೆ. ಬಟ್ಟಲು ಖಾಲಿ, ಒಳಗೆ ಒದ್ದೆ. ಪೂರ್ತಿ ನೆಕ್ಕಿದೆ ಎಂದು ನನ್ನ ಕಣ್ಣು ಹೇಳಿತು. ನನ್ನ ಕಣ್ಣು ಎಂದೂ ತಪ್ಪಿದ್ದಲ್ಲವಲ್ಲ. ಸೂಜಿಯ ಕೊಳವೆಯಲ್ಲಿ ಎರಡು ಗೆರೆಯಷ್ಟು ಇನ್ಸುಲಿನ್ ಎಳೆದು ಹೆಗಲ ಚರ್ಮ ಎತ್ತಿ ಹಾಕಿದೆ. ಹೊಲಕ್ಕೆ ಹೋಗಿ ನೀರು ತಿರುವಿ ಬಂದೆ.

ಹತ್ತು ಗಂಟೆಯ ಸುಮಾರು. ಬಾಗಿಲಲ್ಲಿ ಕಾಲಿಟ್ಟಾಗ ಮನ್ಯಾ ಕುಡಿದವನ ಹಾಗೆ ಗೋಡೆಗೆ ಒರಗಿ ನಡೆಯುತ್ತಿತ್ತು. ಹೆಸರು ಹಿಡಿದು ಕರೆದರೆ ನೋಡಲಿಲ್ಲ. ಕಣ್ಣಿನ ಕಪ್ಪು ಅಗಲವಾಗಿ ಕಣ್ಣೇ ತುಂಬಿತ್ತು. ನಾನು ನೋಡುತ್ತಿದ್ದಂತೆ ಅಡ್ಡ ಬಿದ್ದು ನಾಲ್ಕೂ ಕಾಲು ಸೆಟೆದು ನಡುಗತೊಡಗಿತು. ಆಗಲೇ ಬಸ್ತಿಯಿಂದ ಬಂದ ಪದ್ಮಾವತಿ ಕೈಯಲ್ಲಿದ್ದ ಅಭಿಷೇಕದ ಗಂಧೋದಕದ ಬಟ್ಟಲು ಕೆಳಗಿಟ್ಟು ಓಡಿ ಬಂದು ಅದರ ತಲೆ ಹಿಡಿದಳು. ನಾನು ಕಿವಿ ಚುಚ್ಚಿದೆ. ರಕ್ತ ಕೂಡಲೇ ಬಂತು. ಒಂದು ನಿಮಿಷ, ಒರೆಸಿದೆ, ಇನ್ನೊಂದು ನಿಮಿಷ. ಎರಡೂ ಚೌಕ ಬಣ್ಣ ಹಿಡಿಯಲೇ ಇಲ್ಲ. ತೊಳೆದ ಬಟ್ಟೆಯ ಹಾಗೆ ಬಿಳಿಚಿಕೊಂಡು ಉಳಿದವು.

"ಮುಂಜಾನೆ ತಿಂದಿತ್ತಲ್ಲ!" ಎಂದು ಕೂಗಿದೆ. "ಬಟ್ಟಲ ಖಾಲಿ ಇತ್ತು!"

ಸೊಸೆಯ ಹಿಂದೆಯೇ ಬಂದಿದ್ದ ಅವ್ವ ಕಂಬ ಹಿಡಿದು ನಿಂತಿದ್ದಳು. "ನಾ ಹಾಕಿಲ್ಲಪಾ" ಎಂದಳು. "ಬಟ್ಟಲ ತೊಳದ ಇಟ್ಟಿದ್ದೆ. ಇವತ್ತ ಅದೂ ನನ್ನ ಜೋಡಿ ಉಪವಾಸ ಇರಲಿ, ಅದರ ಕರ್ಮ ಕಳೀಲಿ, ಈ ರೋಗ ಹೋಗಲಿ ಅಂತ..."

ಅವಳು ಅದರ ಒಳ್ಳೆಯದಕ್ಕೇ ಮಾಡಿದ್ದಳು. ನಾನು ಅವಳ ಮಾತು ನಡೆಸಲಿಕ್ಕೆ ಪರೀಕ್ಷೆ ಬಿಟ್ಟಿದ್ದೆ. ಆದರೆ ಸೂಜಿಯನ್ನು ಮಾತ್ರ ಬಿಟ್ಟಿರಲಿಲ್ಲ. ಡಾಕ್ಟರರು ತೋಳು ಹಿಡಿದು ಹೇಳಿದ ಮಾತು ಆಗ ಕಿವಿಯಲ್ಲಿ ಕೇಳಿಸಿತು. ಸಿಟ್ಟು ಯಾರ ಮೇಲೆ ಮಾಡಲಿ? ತಿಂದಿದೆಯೇ ಎಂದು ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾನು ಕೇಳುವ ಜಾತಿಯವನಲ್ಲ, ನೋಡಿ ಹೇಳುವವನು.

ಒಳಗೆ ಹೋಗಿ ಬೆಲ್ಲ ಕುಟ್ಟಿ ನೀರಲ್ಲಿ ಕಲಸಿ ತಂದೆ. ಮನ್ಯಾನ ಹಲ್ಲು ಕಚ್ಚಿಕೊಂಡಿತ್ತು. ನನ್ನ ಬೆರಳು ದಪ್ಪ, ಒಳಗೆ ಹೋಗಲಿಲ್ಲ. ಅವ್ವ ಕೆಳಗೆ ಕೂತು ಬಟ್ಟಲು ನನ್ನ ಕೈಯಿಂದ ತೆಗೆದುಕೊಂಡಳು. ತನ್ನ ಸಣಕಲು ಬೆರಳನ್ನು ಅದ್ದಿ, ತುಟಿಯ ಪಕ್ಕದಿಂದ ತೂರಿಸಿ ವಸಡಿಗೆ ಸವರತೊಡಗಿದಳು. ಅದರ ಹಲ್ಲು ತಾಗಿ ಅವಳ ಬೆರಳಿನಿಂದ ರಕ್ತ ಬಂತು. ಅವಳು ನೋಡಲೂ ಇಲ್ಲ.

ನಾನು ಬೀದಿಗೆ ಓಡಿದೆ. ಅದೇ ದಿನ ಗಣಪತಿ ಕಳಿಸುವ ದಿನ. ಊರಿನ ಟ್ರ್ಯಾಕ್ಟರುಗಳೆಲ್ಲ ಬಾಳೆಕಂಬ ಕಟ್ಟಿಕೊಂಡು ನಿಂತಿದ್ದವು, ಬಸ್ಸು ಊರಾಚೆಯೇ ತಿರುಗಿ ಹೋಗುತ್ತಿತ್ತು. ಮಹಾದೇವ ಮುಖದ ತುಂಬ ಗುಲಾಲು ಬಳಿದುಕೊಂಡು ಡೊಳ್ಳಿನವರ ಮುಂದೆ ಕುಣಿಯುತ್ತಿದ್ದ. ನನ್ನ ಮುಖ ನೋಡಿ ನಿಂತ.

"ಏನಾತಣ್ಣಾ?"

"ಮನ್ಯಾ..." ಎಂದೆ. ಮನೆಯ ಕಡೆ ಕೈ ತೋರಿಸಿದೆ.

"ಏ, ಬಂದ್ ಮಾಡ್ರಲೇ ಡೊಳ್ಳ!" ಎಂದು ಕಿರುಚಿದ. "ನೀ ಅದರ ಕಡೆ ಹೋಗಣ್ಣಾ. ಡಾಕ್ಟರಿಗೆ ಫೋನ್ ನಾ ಹಚ್ಚತೀನಿ, ನಂಬರ ಕೊಡು."

ಡಾಕ್ಟರರ ಮನೆಯ ನಂಬರು ನನ್ನ ಕಿಸೆಯ ಚೀಟಿಯಲ್ಲಿತ್ತು. ಅದನ್ನು ಹಿಡಿದು ಅವನು ಎಸ್‌ಟಿಡಿ ಬೂತಿಗೆ ಓಡಿದ. ಸ್ವಲ್ಪ ಹೊತ್ತಿಗೆ ಬಂದು ಏದುಸಿರು ಬಿಡುತ್ತ ಹೇಳಿದ: "ಬೆಲ್ಲದ ನೀರ ಹಚ್ಚೋದ ನಿಲ್ಲಸಬ್ಯಾಡ ಅಂದಾರ, ಹನಿ ಹನಿ ಸವರಬೇಕಂತ. ಸುರವಿದ್ರ ಪುಪ್ಪುಸಕ್ಕ ಹೋಗತೈತಿ. ಬೆಚ್ಚಗ ಸುತ್ತರಿ. ಅರ್ಧ ತಾಸಿಗೊಮ್ಮೆ ರಕ್ತ ನೋಡ್ರಿ. ಸಂಜಿಕ ಸೂಜಿ ಬ್ಯಾಡ. ಹಾದಿ ತೆರದ ಕೂಡ್ಲೆ ಗಾಡಿ ತಗೊಂಡ ಬರತಾರಂತ." ಅವನ ಗಲ್ಲದ ಗುಲಾಲಿನ ಮೇಲೆ ಬೆವರಿನ ಗೆರೆಗಳಿದ್ದವು. ಮೆರವಣಿಗೆ ನಮ್ಮ ಓಣಿ ದಾಟುವವರೆಗೆ ಡೊಳ್ಳು ಬಾರಿಸಲಿಲ್ಲ.

ಡಬ್ಬಿಯಲ್ಲಿ ಮೂರು ಪಟ್ಟಿ ಉಳಿದಿದ್ದವು. ಸೀಳಿದರೆ ಆರು. ಮೊದಲನೆಯದು ಬಿಳಿಚು. ಎರಡನೆಯದು ಬಿಳಿಚು. ನಡುಕ ನಿಂತಿತು, ಆದರೆ ಮೈ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಸತ್ತಿತೆಂದೇ ತಿಳಿದೆ. ಪದ್ಮಾವತಿ ತನ್ನ ಹಳೆಯ ಸೀರೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡಳು. ಅವ್ವ ಸವರುವುದು ಬಿಡಲಿಲ್ಲ. ನೀರು ಕುಡಿಯದ ಅವಳ ತುಟಿ ಒಣಗಿ ಸಿಬಿರೆದ್ದಿದ್ದವು. ಬೆಲ್ಲದ ನೀರು ಮೊಣಕೈವರೆಗೆ ಇಳಿದು ನೊಣ ಮುತ್ತಿದ್ದವು. ಮೂರನೆಯ ಪಟ್ಟಿಯಲ್ಲಿ ಒಂದು ಚೌಕಕ್ಕೆ ನೀಲಿಯ ಛಾಯೆ ಬಂತೋ, ನನಗೇ ಹಾಗೆ ಕಂಡಿತೋ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. "ನೀ ನೋಡು" ಎಂದು ಪದ್ಮಾವತಿಗೆ ಕೊಟ್ಟೆ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಬಣ್ಣದ ವಿಷಯಕ್ಕೆ ನಾನು ಇನ್ನೊಬ್ಬರನ್ನು ಕೇಳಿದ್ದು ಅದೇ ಮೊದಲು.

"ಬಂದೈತ್ರಿ" ಎಂದಳು.

ನಾಲ್ಕನೆಯದರಲ್ಲಿ ಅನುಮಾನ ಉಳಿಯಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಮನ್ಯಾ ಸೀರೆಯ ಒಳಗಿಂದ ತಲೆ ಎತ್ತಿ, ಅವ್ವನ ಬೆರಳನ್ನು ತಾನಾಗಿ ನೆಕ್ಕಿತು. ಅವ್ವ ಕೈ ಹಾಗೇ ಹಿಡಿದುಕೊಂಡು ಅತ್ತಳು. ಅಪ್ಪ ತೀರಿಕೊಂಡಾಗಲೂ ಅವಳು ನಮ್ಮೆದುರು ಅತ್ತಿರಲಿಲ್ಲ. ಸಂಜೆಗೆ ಮೋಟಾರ್ ಸೈಕಲ್ ಮೇಲೆ ಬಂದ ಡಾಕ್ಟರರು ಮನ್ಯಾನನ್ನು ನೋಡಿ, ಇನ್ನು ಮುಂದೆ ಒಂದೇ ಗೆರೆ ಸಾಕು ಎಂದರು. ನಮ್ಮನ್ನು ಬಯ್ಯಲಿಲ್ಲ. ಹೊಸ ಪಟ್ಟಿಗಳ ಡಬ್ಬಿ ಇಟ್ಟು ಹೋದರು.

ಮರುದಿನ ಬೆಳಿಗ್ಗೆ ಅವ್ವನ ಪಾರಣೆಗೆ ಪದ್ಮಾವತಿ ಹೆಸರುಬೇಳೆಯ ನೀರು ಕಾಯಿಸಿ ಇಟ್ಟಳು. ಅವ್ವ ಅದನ್ನು ಮುಟ್ಟಲಿಲ್ಲ. ಸ್ನಾನ ಮಾಡಿ ಬಂದು ನನ್ನ ಎದುರು ಕೂತು, ಮನ್ಯಾನನ್ನು ತೊಡೆಯ ಮೇಲೆ ಎಳೆದುಕೊಂಡು, ಅದರ ಕಿವಿಯನ್ನು ಎರಡೂ ಅಂಗೈಯ ನಡುವೆ ಇಟ್ಟು ಬಿಸಿ ಮಾಡತೊಡಗಿದಳು.

"ಬೇ, ನೀ ಹೊರಗ ಹೋಗು" ಎಂದೆ.

"ಯಾಕ?" ಎಂದಳು. "ನಿನ್ನ ಕೈ ಒರಟ ಐತಿ. ನಾ ಹಿಡಿದ್ರ ಕೊಡವಂಗಿಲ್ಲ. ಚುಚ್ಚು."

ಚುಚ್ಚಿದೆ. ಮನ್ಯಾ ಅಲುಗಲಿಲ್ಲ. ಹನಿ ಪಟ್ಟಿಯ ಮೇಲೆ ಕೂತಿತು. ಪದ್ಮಾವತಿ ಗಡಿಯಾರ ತರಲು ಎದ್ದರೆ ಅವ್ವ ಕೈ ತೋರಿಸಿ ತಡೆದಳು. ಗಡಿಯಾರ ನೋಡಲು ಅವಳಿಗೆ ಬರುವುದಿಲ್ಲ. ಕಣ್ಣು ಮುಚ್ಚಿ ತುಟಿ ಅಲುಗಿಸುತ್ತ, ಬೆರಳಿನ ಗೆಣ್ಣಿನ ಮೇಲೆ ಒಂದೊಂದಾಗಿ ಎಣಿಸುತ್ತ ಣಮೋಕಾರ ಮಂತ್ರ ಹೇಳಿಕೊಳ್ಳತೊಡಗಿದಳು. ಆರು ಸಲ ಮುಗಿಯಿತು. ಆದರೂ ಸದ್ದಿಲ್ಲದೆ ಒಳಗೆ ಹೋಗಿ ಗಡಿಯಾರ ಹಿಡಿದು ನಿಂತಿದ್ದ ಪದ್ಮಾವತಿ ನನ್ನ ಕಡೆ ನೋಡಿ, ಸರಿಯಾಗಿ ಒಂದು ನಿಮಿಷ ಎಂಬಂತೆ ತಲೆ ಆಡಿಸಿದಳು.

"ಒರಸಪಾ" ಎಂದಳು ಅವ್ವ. ಮತ್ತೆ ಕಣ್ಣು ಮುಚ್ಚಿ ಮೊದಲಿನಿಂದ ಶುರು ಮಾಡಿದಳು.